ಎತ್ತರದ ಗಿಡವೋ, ತುಂಬಿದ ಕಾಯಿಯೋ? – ಸಾಸಿವೆ ಇಳುವರಿಯ ಒಳಲೆಕ್ಕ

ಸಂಕ್ರಾಂತಿ ಹಬ್ಬವನ್ನು ಊರಿನಲ್ಲಿ ಮುಗಿಸಿಕೊಂಡು ದೆಹಲಿಗೆ ಹಿಂದಿರುಗುವ ಕನ್ನಡ ಕುಟುಂಬಗಳಿಗೆ ಒಂದು ದೃಶ್ಯ ಚಿರಪರಿಚಿತವಾದದ್ದು. ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿಯು ಆಗ್ರಾ ದಾಟಿ ಮಥುರೆಯತ್ತ ಸಾಗುವ ಬೆಳಗಿನ ಹೊತ್ತಿನಲ್ಲಿ ಮಂಜಿನ ತೆರೆ ಮೆಲ್ಲಗೆ ಸರಿದಂತೆ ಹಳಿಗಳ ಇಕ್ಕೆಲಗಳಲ್ಲಿಯೂ ಅರಿಶಿನ ಚೆಲ್ಲಿದಂತೆ ಸಾಸಿವೆಯ ಹೊಲಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳು ಕಿಟಕಿಗೆ ಮುಖವಿಟ್ಟು ನೋಡುತ್ತಾರೆ. ದೊಡ್ಡವರು ‘ಈ ಸಲ ಬೆಳೆ ಚೆನ್ನಾಗಿದೆ’ ಎಂದು ಒಂದು ಮಾತು ಆಡಿ ಹಾಸಿಗೆ ಸುತ್ತಲು ತೊಡಗುತ್ತಾರೆ.

ಬೆಳೆ ಚೆನ್ನಾಗಿದೆ ಎಂದು ನಾವು ಯಾವುದನ್ನು ನೋಡಿ ಹೇಳುತ್ತೇವೆ? ಹೂವಿನ ಬಣ್ಣವನ್ನೇ? ಗಿಡದ ಎತ್ತರವನ್ನೇ? ಹೊಲದ ದಟ್ಟಣೆಯನ್ನೇ? ಇವುಗಳಿಗೂ, ಎರಡು ತಿಂಗಳ ಅನಂತರ ಕಣದಲ್ಲಿ ಬೀಳುವ ಕಾಳಿನ ರಾಶಿಗೂ ಇರುವ ಸಂಬಂಧವೇನು? ಸಸ್ಯತಳಿ ವಿಜ್ಞಾನಿಗಳು ಬಹುಕಾಲದಿಂದ ಕೇಳಿಕೊಂಡು ಬಂದಿರುವ ಈ ಪ್ರಶ್ನೆಯನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ. ನಾವು ಕೃಷಿ ವಿಜ್ಞಾನಿಗಳಲ್ಲ. ಕಲಾ ವಿಭಾಗದ ಪದವಿ ಪಡೆದು ಬ್ಯಾಂಕಿನ ಮೇಜಿನ ಹಿಂದೆ ಆಯುಷ್ಯದ ಬಹುಪಾಲನ್ನು ಕಳೆದವರು. ಆದರೂ ಈ ಪ್ರಶ್ನೆಯ ಬೆನ್ನು ಹತ್ತಲು ನಮಗೊಂದು ಕಾರಣವಿದೆ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಬದುವಿನ ಮೇಲೆ ನಿಂತು ಬರೆದ ವರದಿ

1990ರ ದಶಕದ ಕೊನೆಯಲ್ಲಿ ನಮಗೆ ರಾಜಸ್ಥಾನದ ಭರತಪುರ ಜಿಲ್ಲೆಯ ಗ್ರಾಮೀಣ ಶಾಖೆಯೊಂದಕ್ಕೆ ವರ್ಗವಾಯಿತು. ಪಂಪ, ಕುಮಾರವ್ಯಾಸರ ಪರಿಚಯ ನಮಗೆ ಎಷ್ಟಿತ್ತೋ ಬೇಸಾಯದ ಪರಿಚಯ ಅದರ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಆದರೂ ಬೆಳೆ ಸಾಲ ಪಡೆದ ರೈತರ ಹೊಲಗಳಿಗೆ ಹೋಗಿ ಬೆಳೆಯ ಸ್ಥಿತಿಯ ಬಗ್ಗೆ ವರದಿ ಬರೆಯುವುದು ನಮ್ಮ ಕರ್ತವ್ಯವಾಗಿತ್ತು.

ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರಿಬ್ಬರ ಹೊಲಗಳು ಅಕ್ಕಪಕ್ಕದಲ್ಲಿದ್ದವು. ಅಣ್ಣನ ಹೊಲದಲ್ಲಿ ಸಾಸಿವೆ ಆಳೆತ್ತರ ಮೀರಿ ದಟ್ಟವಾಗಿ ನಿಂತಿತ್ತು. ತಮ್ಮನ ಹೊಲದ ಗಿಡಗಳು ಎದೆಮಟ್ಟಕ್ಕೆ ಬಂದಿದ್ದವು. ಸಾಲುಗಳ ನಡುವೆ ನೆಲ ಕಾಣುತ್ತಿತ್ತು. ಹೂವು ಆಗಲೇ ಉದುರತೊಡಗಿತ್ತು. ನಾವು ಬದುವಿನ ಮೇಲೆ ನಿಂತು ಎರಡನ್ನೂ ನೋಡಿ, ಅಣ್ಣನ ಬೆಳೆ ‘ಅತ್ಯುತ್ತಮ’ ಎಂದೂ, ತಮ್ಮನದು ‘ಸಾಧಾರಣ’ ಎಂದೂ ಬರೆದುಕೊಂಡೆವು. ತಮ್ಮನು ನಗುತ್ತಾ, “ಬಾಬೂಜಿ, ಬದುವಿನ ಮೇಲೆ ನಿಂತರೆ ಹೂವು ಕಾಣುತ್ತದೆ. ಒಳಗೆ ಬಂದು ಬಗ್ಗಿ ನೋಡಿದರೆ ಕಾಯಿ ಕಾಣುತ್ತದೆ” ಎಂದನು. ನಾವು ಆ ಮಾತನ್ನು ಸೋತವನ ಸಮಾಧಾನವೆಂದು ತಿಳಿದು ಮುಂದೆ ನಡೆದೆವು.

ನಮ್ಮ ವರದಿಯನ್ನು ಆಧರಿಸಿ ಅಣ್ಣನ ಸಾಲದ ಮಿತಿಯನ್ನು ಏರಿಸಲಾಯಿತು. ಆತನು ಆ ಹಣವನ್ನು ಹೊಲದ ಕೊಳವೆ ಬಾವಿಗೆ ಹಾಕಿದನು. ಮಾರ್ಚಿಯಲ್ಲಿ ಒಕ್ಕಣೆಯಾದಾಗ ತಮ್ಮನ ಕಣದ ರಾಶಿ ಅಣ್ಣನದಕ್ಕಿಂತ ದೊಡ್ಡದಾಗಿತ್ತು. ಅಣ್ಣನ ಗಿಡಗಳು ತಡವಾಗಿ ಹೂ ಬಿಟ್ಟು, ಅರ್ಧ ಒರಗಿ, ಫೆಬ್ರವರಿಯಲ್ಲಿ ಹೇನಿಗೆ ಸಿಕ್ಕಿ, ಬಿಸಿಗಾಳಿ ಬೀಸತೊಡಗಿದಾಗ ಕಾಳು ತುಂಬುವ ಮುನ್ನವೇ ಒಣಗಿದ್ದವು. ಕಂತು ಕಟ್ಟಲು ಆತನು ಕರೆಯುವ ಎಮ್ಮೆಯನ್ನು ಮಾರಬೇಕಾಯಿತು. ಆತನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ತಪ್ಪು ನಮ್ಮದೇ ಎಂಬುದು ನಮಗೆ ಗೊತ್ತಿತ್ತು. ಅಂದಿನಿಂದ ಸಾಸಿವೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವುದು, ತಿಳಿದವರನ್ನು ಕೇಳುವುದು ನಮಗೊಂದು ಅಭ್ಯಾಸವಾಯಿತು.

ಒಗ್ಗರಣೆಯ ಕಾಳಿನ ಕುಲಗೋತ್ರ

ಕನ್ನಡಿಗರಿಗೆ ಸಾಸಿವೆ ಎಂದರೆ ಮೊದಲು ಒಗ್ಗರಣೆ. ಆಮೇಲೆ ಕರಾವಳಿಯ ಸಾಸಮೆ, ಉಪ್ಪಿನಕಾಯಿ, ಮಗುವಿಗೆ ದೃಷ್ಟಿ ತೆಗೆಯುವ ಹಿಡಿಕಾಳು. ಶಾಲೆಯಲ್ಲಿ ಓದಿದ ಕಿಸಾಗೋತಮಿಯ ಕಥೆಯನ್ನೂ ನಾವು ಮರೆತಿಲ್ಲ. ಹಳೆಯ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳೊಡನೆ ಸಾಸಿವೆಯನ್ನೂ ಅಕ್ಕಡಿ ಸಾಲಿನಲ್ಲಿ ಬಿತ್ತುವ ರೂಢಿ ಇದೆ. ಅಲ್ಲಿ ಅದು ಮನೆಯ ಡಬ್ಬಿಗೆ ಸಾಕಾಗುವಷ್ಟು ಬೆಳೆ. ಉತ್ತರ ಭಾರತದಲ್ಲಿಯಾದರೋ ಅದು ಮನೆಯ ಎಣ್ಣೆ, ದನದ ಹಿಂಡಿ, ಚಳಿಗಾಲದ ಸೊಪ್ಪು, ರೈತನ ಕೈಗೆ ಹಣ ತರುವ ಬೆಳೆ. ದೇಶದಲ್ಲಿ ವರ್ಷಕ್ಕೆ ಸುಮಾರು 130 ಲಕ್ಷ ಟನ್ ಸಾಸಿವೆ ವರ್ಗದ ಬೀಜ ಉತ್ಪಾದನೆಯಾಗುತ್ತದೆ. ಅದರಲ್ಲಿ ರಾಜಸ್ಥಾನದ್ದೇ ಸಿಂಹಪಾಲು. ಹರಿಯಾಣ, ಮಧ್ಯಪ್ರದೇಶ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳಗಳು ಉಳಿದ ಮುಖ್ಯ ರಾಜ್ಯಗಳು.

ಉತ್ತರದ ಹೊಲಗಳಲ್ಲಿ ಹೆಚ್ಚಾಗಿ ಕಾಣುವ ರಾಯಿ ಸಾಸಿವೆಯ ಶಾಸ್ತ್ರೀಯ ಹೆಸರು ಬ್ರಾಸಿಕಾ ಜುನ್ಸಿಯಾ. ಇದು ಎರಡು ಬೇರೆ ಜಾತಿಗಳ ಸಹಜ ಸಂಕರದಿಂದ ಹುಟ್ಟಿದ್ದು. 20 ವರ್ಣತಂತುಗಳ ಬ್ರಾಸಿಕಾ ರಾಪಾ ಮತ್ತು 16 ವರ್ಣತಂತುಗಳ ಕರಿ ಸಾಸಿವೆ ಬ್ರಾಸಿಕಾ ನೈಗ್ರಾ ಕೂಡಿದಾಗ ಇವೆರಡರ ವರ್ಣತಂತುಗಳನ್ನೂ ಪೂರ್ತಿಯಾಗಿ ಉಳಿಸಿಕೊಂಡ, 36 ವರ್ಣತಂತುಗಳ ಈ ಗಿಡ ಉಂಟಾಯಿತು. ಜಪಾನಿನಲ್ಲಿ ದುಡಿಯುತ್ತಿದ್ದ ಕೊರಿಯಾ ಮೂಲದ ವಿಜ್ಞಾನಿ ವೂ ಜಾಂಗ್‌ಚೂನ್ ಅವರು 1935ರಲ್ಲಿ ಈ ಕುಲಸಂಬಂಧವನ್ನು ಒಂದು ತ್ರಿಕೋನದ ಚಿತ್ರವಾಗಿ ನಿರೂಪಿಸಿದರು. ಎರಡು ಮನೆತನಗಳ ಆಸ್ತಿಗೆ ವಾರಸುದಾರನಾದವನಂತೆ ಈ ಗಿಡಕ್ಕೆ ವೈವಿಧ್ಯದ ಭಂಡಾರವೇ ದೊರೆತಿದೆ. ಎತ್ತರ, ಕವಲು, ಕಾಯಿ, ಕಾಳಿನ ಗಾತ್ರ, ಬಣ್ಣ ಎಲ್ಲದರಲ್ಲಿಯೂ ತಳಿಯಿಂದ ತಳಿಗೆ ವ್ಯತ್ಯಾಸವಿದೆ. ಈ ವ್ಯತ್ಯಾಸವೇ ತಳಿ ಸಂವರ್ಧಕನ ಬಂಡವಾಳ.

ಇಳುವರಿ ಎಂಬ ಗುಣಾಕಾರ

ಇಳುವರಿ ಎಂಬುದು ಗಿಡದ ಯಾವುದೋ ಒಂದು ಭಾಗದಲ್ಲಿ ಕುಳಿತಿರುವ ಗುಣವಲ್ಲ. ಅದು ನಾಲ್ಕು ಸಂಖ್ಯೆಗಳನ್ನು ಒಂದರಿಂದೊಂದಕ್ಕೆ ಗುಣಿಸಿದಾಗ ದೊರೆಯುವ ಫಲ. ಮೊದಲನೆಯದು ಒಂದು ಚದರ ಮೀಟರಿನಲ್ಲಿರುವ ಗಿಡಗಳ ಸಂಖ್ಯೆ. ಎರಡನೆಯದು ಪ್ರತಿ ಗಿಡದಲ್ಲಿರುವ ಕಾಯಿಗಳ ಸಂಖ್ಯೆ. ಮೂರನೆಯದು ಪ್ರತಿ ಕಾಯಿಯಲ್ಲಿರುವ ಕಾಳುಗಳ ಸಂಖ್ಯೆ. ನಾಲ್ಕನೆಯದು ಕಾಳಿನ ತೂಕ. ಒಂದು ಸಾಸಿವೆ ಕಾಳನ್ನು ತೂಗುವುದು ಕಷ್ಟವಾದುದರಿಂದ ವಿಜ್ಞಾನಿಗಳು ಸಾವಿರ ಕಾಳುಗಳ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮ ರಾಯಿ ಸಾಸಿವೆಯಲ್ಲಿ ಅದು ಸಾಮಾನ್ಯವಾಗಿ 4ರಿಂದ 6 ಗ್ರಾಂ.

ಒಂದು ಉದಾಹರಣೆ ನೋಡೋಣ. ಒಂದು ಚದರ ಮೀಟರಿನಲ್ಲಿ 15 ಗಿಡಗಳು, ಗಿಡಕ್ಕೆ 200 ಕಾಯಿಗಳು, ಕಾಯಿಗೆ 12 ಕಾಳುಗಳು, ಸಾವಿರ ಕಾಳಿಗೆ 5 ಗ್ರಾಂ ತೂಕ ಎಂದಿಟ್ಟುಕೊಳ್ಳಿ. ಆಗ ಕಾಯಿಗಳು 3,000. ಕಾಳುಗಳು 36,000. ತೂಕ 180 ಗ್ರಾಂ. ಒಂದು ಹೆಕ್ಟೇರಿನಲ್ಲಿ ಹತ್ತು ಸಾವಿರ ಚದರ ಮೀಟರುಗಳಿರುವುದರಿಂದ ಹೆಕ್ಟೇರಿಗೆ 18 ಕ್ವಿಂಟಲ್. ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ 14 ಕ್ವಿಂಟಲಿನ ಆಸುಪಾಸಿನಲ್ಲಿದೆ. ಆದುದರಿಂದ ಇದೊಂದು ಒಳ್ಳೆಯ ಬೆಳೆಯೇ ಸರಿ.

ಈ ಲೆಕ್ಕದಲ್ಲಿ ಗಿಡದ ಎತ್ತರ ಎಲ್ಲಿಯೂ ಬರಲಿಲ್ಲ. ಹೂವಿನ ಸೊಬಗೂ ಬರಲಿಲ್ಲ. ಅರಳಿದ ಹೂವುಗಳಲ್ಲಿ ದೊಡ್ಡದೊಂದು ಪಾಲು ಕಾಯಾಗದೆ ಉದುರಿಹೋಗುತ್ತದೆ. ಹಾಗಾದರೆ ಎತ್ತರಕ್ಕೂ ಕವಲುಗಳಿಗೂ ಹೂ ಬಿಡುವ ದಿನಕ್ಕೂ ಇಳುವರಿಯಲ್ಲಿ ಪಾತ್ರವೇ ಇಲ್ಲವೆ? ಇದೆ. ಆದರೆ ಅವು ನಾಲ್ಕು ಸಂಖ್ಯೆಗಳಲ್ಲಿ ಯಾವುದಾದರೊಂದರ ಮೂಲಕವೇ ಕೆಲಸ ಮಾಡಬೇಕು. ಕವಲು ಹೆಚ್ಚಿದರೆ ಕಾಯಿ ಹಿಡಿಯಲು ಸ್ಥಳ ಹೆಚ್ಚುತ್ತದೆ. ಹೂವು ಸಕಾಲದಲ್ಲಿ ಬಂದರೆ ತಂಪು ಹವೆಯಲ್ಲಿ ಕಾಳು ತುಂಬಲು ದಿನಗಳು ಸಿಗುತ್ತವೆ. ಕಾಯಿ ಬಲಿಯುವ ಹೊತ್ತಿಗೆ ಸಾಸಿವೆಯ ಎಲೆಗಳು ಹಣ್ಣಾಗಿ ಉದುರತೊಡಗುತ್ತವೆ. ಆಗ ಹಸಿರು ಕಾಯಿಯ ಸಿಪ್ಪೆಯೇ ಬಿಸಿಲು ಹೀರಿ ಕಾಳಿಗೆ ಆಹಾರ ಒದಗಿಸುತ್ತದೆ. ಹೀಗೆ ಕಾಯಿ ಎಂಬುದು ಬರಿಯ ಚೀಲವಲ್ಲ, ಅಡುಗೆಮನೆಯೂ ಹೌದು.

ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ

ನಾಲ್ಕೂ ಸಂಖ್ಯೆಗಳನ್ನು ಒಟ್ಟಿಗೆ ಏರಿಸಿಬಿಟ್ಟರಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಗಿಡಕ್ಕೆ ದೊರೆಯುವ ಬಿಸಿಲು, ನೀರು, ಸಾರಜನಕಗಳು ತಿಂಗಳ ಸಂಬಳವಿದ್ದಂತೆ. ಸಂಬಳ ಅಷ್ಟೇ ಇರುವಾಗ ಬಾಡಿಗೆ ಏರಿದರೆ ಬೇರೆ ಖರ್ಚು ಇಳಿಯಲೇಬೇಕು. ಮೇಲಿನ ಉದಾಹರಣೆಯಲ್ಲಿಯೇ ಕಾಯಿಗೆ 12ರ ಬದಲು 15 ಕಾಳುಗಳಾದವು ಎನ್ನೋಣ. ಅದರಿಂದಾಗಿ ಕಾಳು ಸಣ್ಣದಾಗಿ ಸಾವಿರ ಕಾಳಿನ ತೂಕ 5ರಿಂದ 4 ಗ್ರಾಮಿಗೆ ಇಳಿದರೆ, ಒಟ್ಟು ತೂಕ ಮತ್ತೆ ಅದೇ 180 ಗ್ರಾಂ. ತಳಿ ವಿಜ್ಞಾನಿ ಹತ್ತು ವರ್ಷ ದುಡಿದು ಕಾಯಿಯೊಳಗಿನ ಕಾಳನ್ನು ಹೆಚ್ಚಿಸಿದರೂ ರೈತನ ಚೀಲ ಒಂದು ಹಿಡಿಯೂ ಹೆಚ್ಚಲಿಲ್ಲ.

ಬಿತ್ತನೆಯ ದಟ್ಟಣೆಯ ಕಥೆಯೂ ಇದೇ. ಗಿಡಗಳು ಒತ್ತೊತ್ತಾಗಿ ಬಂದರೆ ಬೆಳಕಿಗಾಗಿ ಪೈಪೋಟಿ ನಡೆಸಿ ಎತ್ತರಕ್ಕೆ ಎಳೆದುಕೊಳ್ಳುತ್ತವೆ. ಕಾಂಡ ಸಣ್ಣದಾಗುತ್ತದೆ, ಕವಲುಗಳು ಕಡಿಮೆಯಾಗುತ್ತವೆ. ಸಾಲು ಸ್ವಲ್ಪ ವಿರಳವಾದರೆ ಅದೇ ತಳಿಯ ಗಿಡ ಬುಡದಿಂದಲೇ ಕವಲೊಡೆದು, ಕವಲಿನಲ್ಲಿ ಮತ್ತೆ ಕವಲು ಬಿಟ್ಟು ಖಾಲಿ ಜಾಗವನ್ನು ತುಂಬುತ್ತದೆ. ಅಣ್ಣನ ಹೊಲದ ಆಳೆತ್ತರದ ಗಿಡಗಳ ಗುಟ್ಟು ಇಷ್ಟೇ ಆಗಿತ್ತು. ಬೀಜವನ್ನೂ ಯೂರಿಯಾವನ್ನೂ ನೀರನ್ನೂ ಆತನು ಧಾರಾಳವಾಗಿ ಕೊಟ್ಟಿದ್ದನು. ಗಿಡಗಳು ಅದನ್ನೆಲ್ಲ ಕಡ್ಡಿಗೆ ಖರ್ಚು ಮಾಡಿದ್ದವು. ಅಂತಹ ಮೆತ್ತನೆಯ ಚಿಗುರು ಹೇನಿಗೂ ಪ್ರಿಯವಾದದ್ದು.

ಸಹಸಂಬಂಧ: ಜೊತೆಗಾರನೇ ಕಾರಣಕರ್ತನಲ್ಲ

ಯಾವ ಗುಣ ಇಳುವರಿಯೊಡನೆ ಎಷ್ಟು ಹೊಂದಿಕೊಂಡು ನಡೆಯುತ್ತದೆ ಎಂಬುದನ್ನು ಅಳೆಯಲು ವಿಜ್ಞಾನಿಗಳು ‘ಸಹಸಂಬಂಧ ಗುಣಾಂಕ’ ಎಂಬ ಅಳತೆಗೋಲನ್ನು ಬಳಸುತ್ತಾರೆ. ಎರಡು ಗುಣಗಳು ಸದಾ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅದು 1. ಒಂದು ಏರಿದಾಗ ಇನ್ನೊಂದು ತಪ್ಪದೆ ಇಳಿದರೆ -1. ಒಂದಕ್ಕೊಂದು ಹೊಂದಾಣಿಕೆಯೇ ಇಲ್ಲದಿದ್ದರೆ ಸೊನ್ನೆ. ಈ ಕಲ್ಪನೆಯ ಬೇರೂ ಒಂದು ಬೀಜದಲ್ಲಿಯೇ ಇದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1875ರಲ್ಲಿ ಹೂವಿನ ಬಟಾಣಿಯ ಬೀಜಗಳನ್ನು ಗಾತ್ರಕ್ಕನುಗುಣವಾಗಿ ವಿಂಗಡಿಸಿ ಗೆಳೆಯರಿಗೆ ಹಂಚಿ ಬೆಳೆಸಿದನು. ತಾಯಿ ಬೀಜದ ಗಾತ್ರಕ್ಕೂ ಮರಿ ಬೀಜದ ಗಾತ್ರಕ್ಕೂ ಇರುವ ನಂಟನ್ನು ಹುಡುಕಿದ ಆ ಹಾದಿಯಲ್ಲಿಯೇ ಮುಂದೆ 1888ರಲ್ಲಿ ಸಹಸಂಬಂಧದ ಕಲ್ಪನೆಯನ್ನು ಮಂಡಿಸಿದನು. ಕಾರ್ಲ್ ಪಿಯರ್ಸನ್ ಅದಕ್ಕೆ ಗಣಿತದ ಚೌಕಟ್ಟು ತೊಡಿಸಿದನು.

ಸಂಶೋಧನಾ ಕ್ಷೇತ್ರಗಳಲ್ಲಿ ಈ ಕೆಲಸ ನಡೆಯುವ ಕ್ರಮ ಹೀಗಿದೆ. ಹತ್ತಾರು ತಳಿಗಳನ್ನು ಸಣ್ಣ ಸಣ್ಣ ಮಡಿಗಳಲ್ಲಿ ಬಿತ್ತುತ್ತಾರೆ. ಒಂದು ಕಡೆಯ ಮಣ್ಣು ಫಲವತ್ತಾಗಿದ್ದು ಇನ್ನೊಂದು ಕಡೆಯದು ಸವಕಲಾಗಿದ್ದರೆ ಅನ್ಯಾಯವಾಗಬಾರದೆಂದು ಪ್ರತಿ ತಳಿಯನ್ನೂ ಚೀಟಿ ಎತ್ತಿದಂತೆ ಬೇರೆ ಬೇರೆ ಜಾಗಗಳಲ್ಲಿ ಮೂರು ನಾಲ್ಕು ಸಲ ಹಾಕುತ್ತಾರೆ. ಪ್ರತಿ ಮಡಿಯ ಒಳಭಾಗದಿಂದ ಐದು ಹತ್ತು ಗಿಡಗಳನ್ನು ಆರಿಸಿ ಹೂ ಬಿಟ್ಟ ದಿನ, ಎತ್ತರ, ಮೊದಲ ಸುತ್ತಿನ ಕವಲು, ಎರಡನೆಯ ಸುತ್ತಿನ ಕವಲು, ಮುಖ್ಯ ಕಾಂಡದ ಕಾಯಿಗಳು, ಗಿಡದ ಒಟ್ಟು ಕಾಯಿಗಳು, ಕಾಯಿಯ ಉದ್ದ, ಕಾಯಿಯೊಳಗಿನ ಕಾಳು, ಸಾವಿರ ಕಾಳಿನ ತೂಕ, ಎಣ್ಣೆಯ ಅಂಶ, ಕೊನೆಗೆ ಇಳುವರಿ ಇವನ್ನೆಲ್ಲ ದಾಖಲಿಸುತ್ತಾರೆ. ಅಂಚಿನ ಗಿಡಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಏಕೆಂದರೆ ಬದುವಿನ ಪಕ್ಕದ ಗಿಡಗಳಿಗೆ ಹೆಚ್ಚು ಬೆಳಕು, ಹೆಚ್ಚು ಜಾಗ ದೊರೆತು ಅವು ಒಳಗಿನ ಗಿಡಗಳಿಗಿಂತ ಸೊಂಪಾಗಿರುತ್ತವೆ. ಇದನ್ನು ಓದಿದ ದಿನ ನಾವು ಬದುವಿನ ಮೇಲೆ ನಿಂತು ಬರೆದ ವರದಿ ನೆನಪಾಗಿ ಪುಸ್ತಕ ಮುಚ್ಚಿಟ್ಟೆವು.

ಭಾರತದಲ್ಲಿ ನಡೆದ ಇಂತಹ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ತೀರ್ಮಾನವಿದೆ. ಗಿಡದ ಒಟ್ಟು ಕಾಯಿಗಳ ಸಂಖ್ಯೆ ಮತ್ತು ಎರಡನೆಯ ಸುತ್ತಿನ ಕವಲುಗಳು ಇಳುವರಿಯ ಒಳ್ಳೆಯ ಸಂಗಾತಿಗಳು. ಕಾಳಿನ ತೂಕವೂ ಹಲವೆಡೆ ಇವುಗಳ ಜೊತೆ ಸೇರುತ್ತದೆ. ಎತ್ತರದ ವಿಷಯದಲ್ಲಿ ಮಾತ್ರ ಸಾಕ್ಷ್ಯ ಗೊಂದಲಮಯ. ಒಂದು ಕ್ಷೇತ್ರದಲ್ಲಿ ಅದು ಇಳುವರಿಯೊಡನೆ ಏರುತ್ತದೆ, ಇನ್ನೊಂದರಲ್ಲಿ ಸಂಬಂಧವೇ ಕಾಣದು. ಹೂ ಬಿಡುವ ದಿನವೂ ಹಾಗೆಯೇ. ಚಳಿಗಾಲ ದೀರ್ಘವಾಗಿರುವ ಕಡೆ ನಿಧಾನವಾಗಿ ಮಾಗುವ ತಳಿ ಗೆಲ್ಲುತ್ತದೆ. ಬಿತ್ತನೆ ತಡವಾದ ಕಡೆ, ಬಿಸಿಲು ಬೇಗ ಏರುವ ಕಡೆ ಬೇಗ ಹೂ ಬಿಡುವುದು ಗೆಲ್ಲುತ್ತದೆ.

ಸಹಸಂಬಂಧಕ್ಕೆ ಒಂದು ಮಿತಿಯಿದೆ. ನಮ್ಮ ವೃತ್ತಿಯಿಂದಲೇ ಉದಾಹರಣೆ ಕೊಡುವುದಾದರೆ, ಹೆಚ್ಚು ಸಿಬ್ಬಂದಿ ಇರುವ ಶಾಖೆಗಳಲ್ಲಿ ಠೇವಣಿಯೂ ಹೆಚ್ಚಿರುವುದುಂಟು. ಹಾಗೆಂದು ಒಂದು ಕುಗ್ರಾಮದ ಶಾಖೆಗೆ ಹತ್ತು ಗುಮಾಸ್ತರನ್ನು ಕಳುಹಿಸಿದರೆ ಠೇವಣಿ ಉಕ್ಕಿ ಬರುವುದಿಲ್ಲ. ಊರು ದೊಡ್ಡದಾದುದರಿಂದ ಎರಡೂ ಹೆಚ್ಚಿವೆ. ಎತ್ತರ ಮತ್ತು ಇಳುವರಿಗಳ ಸ್ನೇಹವೂ ಇಂತಹದೇ ಇರಬಹುದು. ಅದನ್ನು ಬಿಡಿಸಿ ನೋಡುವ ಉಪಾಯ ಬೇಕು.

ನೇರ ಜಮೆ ಎಷ್ಟು, ವರ್ಗಾವಣೆ ಎಷ್ಟು?

ಆ ಉಪಾಯವನ್ನು ಕಂಡುಹಿಡಿದವರು ಅಮೆರಿಕದ ಸೀವಾಲ್ ರೈಟ್. ಗಿನಿ ಹಂದಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದ ಅವರು 1921ರಲ್ಲಿ ‘ಪಥ ಗುಣಾಂಕ’ ಎಂಬ ವಿಧಾನವನ್ನು ವಿವರವಾಗಿ ಮಂಡಿಸಿದರು. 1959ರಲ್ಲಿ ಡ್ಯೂವಿ ಮತ್ತು ಲು ಎಂಬ ಇಬ್ಬರು ವಿಜ್ಞಾನಿಗಳು ಮೇವಿನ ಹುಲ್ಲೊಂದರ ಬೀಜದ ಇಳುವರಿಗೆ ಅದನ್ನು ಅನ್ವಯಿಸಿ ತೋರಿಸಿದ ಮೇಲೆ ತಳಿ ಸಂವರ್ಧಕರ ಕೈಯಲ್ಲಿ ಇದು ನಿತ್ಯದ ಸಾಧನವಾಯಿತು.

ಇದರ ತಿರುಳನ್ನು ಖಾತೆಪುಸ್ತಕದ ಮಾತಿನಲ್ಲಿ ಹೇಳಬಹುದು. ಒಂದು ಖಾತೆಯಲ್ಲಿ ದೊಡ್ಡ ಮೊತ್ತ ಕಂಡರೆ ನಾವು ಕೇಳುವ ಪ್ರಶ್ನೆ ಇದು: ಇದರಲ್ಲಿ ಖಾತೆದಾರನು ತಾನೇ ಕಟ್ಟಿದ್ದು ಎಷ್ಟು, ಬೇರೆ ಖಾತೆಗಳಿಂದ ವರ್ಗಾವಣೆಯಾಗಿ ಬಂದದ್ದು ಎಷ್ಟು? ಪಥ ವಿಶ್ಲೇಷಣೆಯೂ ಸಹಸಂಬಂಧವೆಂಬ ಮೊತ್ತವನ್ನು ಹೀಗೆ ಒಡೆದು, ಆ ಗುಣದ ನೇರ ಪ್ರಭಾವ ಇಷ್ಟು, ಬೇರೆ ಗುಣಗಳ ಮೂಲಕ ಬಂದ ಪರೋಕ್ಷ ಪ್ರಭಾವ ಇಷ್ಟು ಎಂದು ತೋರಿಸುತ್ತದೆ.

ವಿವರಣೆಗಾಗಿ ನಾವೇ ಹಾಕಿಕೊಂಡ ಅಂಕಿಗಳನ್ನು ನೋಡಿ. ಗಿಡದ ಎತ್ತರಕ್ಕೂ ಇಳುವರಿಗೂ 0.40ರಷ್ಟು ಸಹಸಂಬಂಧ ಕಂಡಿತು ಎನ್ನೋಣ. ಬಿಡಿಸಿ ನೋಡಿದಾಗ ಎತ್ತರದ ನೇರ ಪ್ರಭಾವ ಕೇವಲ 0.05. ಕಾಯಿಗಳ ಸಂಖ್ಯೆಯ ಮೂಲಕ ಬಂದದ್ದು 0.28. ಎರಡನೆಯ ಸುತ್ತಿನ ಕವಲುಗಳ ಮೂಲಕ ಬಂದದ್ದು 0.07. ಮೂರನ್ನೂ ಕೂಡಿದರೆ 0.40. ಅಂದರೆ ಎತ್ತರವು ಎರವಲು ಒಡವೆ ತೊಟ್ಟು ಮದುವೆಗೆ ಬಂದ ಅತಿಥಿ. ಅದೇ ವೇಳೆಗೆ ಕಾಯಿಗಳ ಸಂಖ್ಯೆಯ ಸಹಸಂಬಂಧ 0.70 ಇದ್ದು, ಅದರಲ್ಲಿ 0.62 ನೇರ ಪ್ರಭಾವವೇ ಆಗಿದ್ದರೆ, ಆ ಒಡವೆ ಸ್ವಂತದ್ದು. ತಳಿ ವಿಜ್ಞಾನಿ ಯಾರ ಮನೆಗೆ ಸಂಬಂಧ ಬೆಳೆಸಬೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಎತ್ತರದ ಗಿಡಗಳನ್ನು ಆರಿಸುವುದನ್ನು ಬಿಟ್ಟು, ಎತ್ತರ ಎಷ್ಟೇ ಇರಲಿ, ಕಾಯಿ ಹೆಚ್ಚಿರುವ ಗಿಡಗಳನ್ನು ಆರಿಸಬೇಕು.

ಇಲ್ಲಿಯೂ ಎಚ್ಚರ ಅಗತ್ಯ. ಒಣಗಿದ ಗಿಡದ ಒಟ್ಟು ತೂಕ ಮತ್ತು ಅದರಲ್ಲಿ ಕಾಳಿನ ಪಾಲು ಎಂಬ ಎರಡು ಅಳತೆಗಳಿಗೆ ಬಹಳ ದೊಡ್ಡ ನೇರ ಪ್ರಭಾವವಿದೆ ಎಂದು ಅನೇಕ ಅಧ್ಯಯನಗಳು ಹೇಳುತ್ತವೆ. ಆದರೆ ಅವೆರಡನ್ನೂ ಗುಣಿಸಿದರೆ ಬರುವುದೇ ಇಳುವರಿ. ಹೀಗಿರುವಾಗ ಅವುಗಳ ಪ್ರಭಾವ ದೊಡ್ಡದಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅದು ಲೆಕ್ಕದೊಳಗೇ ಅಡಗಿರುವ ಉತ್ತರ. ಹಾಗೆಯೇ ಯಾವ ಗುಣ ಕಾರಣ, ಯಾವುದು ಪರಿಣಾಮ ಎಂಬುದನ್ನು ವಿಜ್ಞಾನಿಯೇ ಮೊದಲು ತೀರ್ಮಾನಿಸಿ ಚಿತ್ರ ಬರೆಯಬೇಕು. ಚಿತ್ರ ತಪ್ಪಾದರೆ ಲೆಕ್ಕ ಸರಿಯಾಗಿದ್ದರೂ ತೀರ್ಪು ತಪ್ಪುತ್ತದೆ.

ಮಕ್ಕಳಿಗೆ ಇಳಿಯುವ ಆಸ್ತಿ ಯಾವುದು?

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಆರಿಸಿದ ಗುಣವು ಮುಂದಿನ ಪೀಳಿಗೆಗೆ ಇಳಿಯಬೇಕು. ಗೊಬ್ಬರದ ಗುಂಡಿಯ ಪಕ್ಕ ಬೆಳೆದ ಗಿಡದಲ್ಲಿ ನಾನೂರು ಕಾಯಿಗಳಿದ್ದರೆ ಅದು ಗಿಡದ ಹುಟ್ಟುಗುಣವಲ್ಲ, ಜಾಗದ ಮಹಿಮೆ. ಅದರ ಬೀಜ ಬಿತ್ತಿದರೆ ಮಕ್ಕಳು ಸಾಧಾರಣರೇ ಆಗುತ್ತಾರೆ. ಸಾಲ ಮಾಡಿ ತೋರಿಸಿದ ಸಿರಿ ವಾರಸುದಾರರಿಗೆ ಬರುವುದಿಲ್ಲವಷ್ಟೆ. ಒಂದು ಗುಣದಲ್ಲಿ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ಅಳೆಯುವುದಕ್ಕೆ ಅನುವಂಶೀಯತೆಯ ಪ್ರಮಾಣ ಎನ್ನುತ್ತಾರೆ.

ಸಾಸಿವೆಯಲ್ಲಿ ಕಾಳಿನ ತೂಕ ಮತ್ತು ಹೂ ಬಿಡುವ ದಿನಗಳು ಸಾಮಾನ್ಯವಾಗಿ ವಂಶಕ್ಕೆ ನಿಷ್ಠವಾದ ಗುಣಗಳು. ದಪ್ಪ ಕಾಳಿನ ತಳಿಯ ಮಕ್ಕಳು ಬಹುಮಟ್ಟಿಗೆ ದಪ್ಪ ಕಾಳನ್ನೇ ಕೊಡುತ್ತವೆ. ಕವಲು ಮತ್ತು ಕಾಯಿಗಳ ಸಂಖ್ಯೆ ಜಾಗ, ನೀರು, ಗೊಬ್ಬರಗಳಿಗೆ ಬೇಗ ಮಣಿಯುತ್ತವೆ. ಇಳುವರಿಯಂತೂ ಇನ್ನೂ ಹೆಚ್ಚು ಚಂಚಲ. ತಳಿ ವಿಜ್ಞಾನಿಯ ಸಂಕಟ ಇರುವುದು ಇಲ್ಲಿಯೇ. ಇಳುವರಿಗೆ ಅತ್ಯಂತ ಹತ್ತಿರದ ಗುಣವಾದ ಕಾಯಿಸಂಖ್ಯೆ ಕೈಗೆ ನಿಲ್ಲುವುದಿಲ್ಲ. ಕೈಗೆ ನಿಲ್ಲುವ ಕಾಳಿನ ತೂಕವನ್ನು ಹಿಡಿದರೆ ಕಾಳಿನ ಸಂಖ್ಯೆ ಜಾರಬಹುದು. ಆದುದರಿಂದಲೇ ಒಂದೇ ಗುಣವನ್ನು ನೆಚ್ಚದೆ, ಹಲವು ಗುಣಗಳಿಗೆ ಅಂಕ ಕೊಟ್ಟು ಕೂಡಿ, ಹಲವು ಊರುಗಳಲ್ಲಿ ಹಲವು ವರ್ಷ ಬೆಳೆಸಿ ನೋಡಿ ಆರಿಸುವ ಪದ್ಧತಿ ಬಂದಿತು.

ಪೂಸಾ ರಸ್ತೆಯಿಂದ ಸೇವರ್‌ವರೆಗೆ

ದೆಹಲಿಯ ನಮ್ಮ ಓದುಗರು ನಿತ್ಯ ಹಾದುಹೋಗುವ ಪೂಸಾ ಪ್ರದೇಶಕ್ಕೂ ಈ ಕಥೆಗೂ ನಂಟಿದೆ. ಬಿಹಾರದ ಪೂಸಾ ಎಂಬಲ್ಲಿ 1905ರಲ್ಲಿ ಆರಂಭವಾದ ಕೃಷಿ ಸಂಶೋಧನಾ ಸಂಸ್ಥೆಯು 1934ರ ಭೂಕಂಪದ ಅನಂತರ, 1936ರಲ್ಲಿ, ದೆಹಲಿಗೆ ಸ್ಥಳಾಂತರವಾಯಿತು. ಊರಿನ ಹೆಸರನ್ನೂ ತನ್ನೊಡನೆ ತಂದಿತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ‘ಪೂಸಾ ಬೋಲ್ಡ್’ ತಳಿಯ ಹೆಸರೇ ಅದರ ದಪ್ಪ ಕಾಳನ್ನು ಸಾರುತ್ತದೆ. ಅದಕ್ಕೂ ಮೊದಲು 1970ರ ದಶಕದಲ್ಲಿ ಕಾನ್ಪುರದಿಂದ ಬಂದ ‘ವರುಣಾ’ ತಳಿ ಬಹುಕಾಲ ಮೆರೆಯಿತು. ಪಂತನಗರದ ‘ಕ್ರಾಂತಿ’ ತಳಿಯನ್ನು ವರುಣಾದಿಂದಲೇ ಆರಿಸಿದ್ದು. ‘ಪೂಸಾ ಜೈಕಿಸಾನ್’ ಅದೇ ವರುಣಾದ ಅಂಗಾಂಶ ಕೃಷಿಯಿಂದ ಬಂದದ್ದು. ಭತ್ತ ಅಥವಾ ಇತರ ಬೆಳೆಗಳ ನಡುವಿನ ಅಲ್ಪ ಬಿಡುವಿಗೆಂದು ‘ಪೂಸಾ ಮಸ್ಟರ್ಡ್ 25’ರಂತಹ ಅಲ್ಪಾವಧಿ ತಳಿಗಳೂ ಬಂದಿವೆ. 1993ರಲ್ಲಿ ಭರತಪುರದ ಸೇವರ್‌ನಲ್ಲಿ ಸಾಸಿವೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ‘ಗಿರಿರಾಜ್’ ತಳಿ ಅಲ್ಲಿಯದು.

ಇಳುವರಿಯೊಂದೇ ಗುರಿಯಲ್ಲ. ಸಾಸಿವೆ ಎಣ್ಣೆಯ ಎರುಸಿಕ್ ಆಮ್ಲ ಮತ್ತು ಹಿಂಡಿಯ ಗ್ಲುಕೋಸಿನೊಲೇಟ್ ಎರಡನ್ನೂ ತಗ್ಗಿಸಿದ ‘ಪೂಸಾ ಡಬಲ್ ಝೀರೋ ಮಸ್ಟರ್ಡ್ 31’ ಎಂಬ ತಳಿ ಬಂದಿದೆ. ಗ್ಲುಕೋಸಿನೊಲೇಟ್ ಎಂಬುದೇ ಸಾಸಿವೆಯ ಘಾಟಿನ ಮೂಲ. ನಮ್ಮ ಗೃಹಿಣಿಯರಿಗೆ ಇದರ ರಸಾಯನ ಅನುಭವದಿಂದಲೇ ಗೊತ್ತು. ಕಾಳನ್ನು ನೀರು ಹಾಕಿ ಅರೆದರೆ ಒಳಗಿನ ಕಿಣ್ವ ಅದನ್ನು ಒಡೆದು ಮೂಗಿಗೇರುವ ಘಾಟನ್ನು ಹುಟ್ಟಿಸುತ್ತದೆ. ಕಾದ ಎಣ್ಣೆಯಲ್ಲಿ ಸಿಡಿಸಿದರೆ ಕಿಣ್ವ ನಾಶವಾಗಿ ಪರಿಮಳವಷ್ಟೇ ಉಳಿಯುತ್ತದೆ. ಗಿಡದ ಪಾಲಿಗಾದರೋ ಈ ಘಾಟು ಕೀಟಗಳ ವಿರುದ್ಧದ ಆಯುಧವೂ ಹೌದು. ಹಿಂಡಿ ತಿನ್ನುವ ಪ್ರಾಣಿಗಳ ಹಿತಕ್ಕಾಗಿ ಅದನ್ನು ಕಳೆಯುವಾಗ ಗಿಡದ ರಕ್ಷಣೆಯನ್ನೂ ಯೋಚಿಸಬೇಕಾಗುತ್ತದೆ.

ಸಂಕರ ತಳಿಗಳದು ಮತ್ತೊಂದು ದಾರಿ. ದೂರದ ಸಂಬಂಧದ ಎರಡು ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಹೆಚ್ಚಿನ ಕಸುವು ಕಾಣುತ್ತದೆ. ಆದರೆ ಸಾಸಿವೆಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲ ಕಟ್ಟುವುದರಿಂದ ಸಂಕರ ಬೀಜವನ್ನು ದೊಡ್ಡ ಪ್ರಮಾಣದಲ್ಲಿ ಪಡೆಯುವುದು ಕಷ್ಟ. ದೆಹಲಿ ವಿಶ್ವವಿದ್ಯಾಲಯದಲ್ಲಿ ದೀಪಕ್ ಪೆಂಟಲ್ ಅವರ ತಂಡ ಬ್ಯಾಕ್ಟೀರಿಯಾದ ವಂಶವಾಹಿಗಳನ್ನು ಬಳಸಿ ಈ ತೊಡಕನ್ನು ಬಿಡಿಸಿ ‘ಡಿಎಂಎಚ್ 11’ ಎಂಬ ತಳಿಯನ್ನು ರೂಪಿಸಿತು. ಅದಕ್ಕೆ 2022ರ ಅಕ್ಟೋಬರಿನಲ್ಲಿ ಪರಿಸರ ಬಿಡುಗಡೆಯ ಅನುಮತಿ ದೊರೆತಾಗ ವಿವಾದ ನ್ಯಾಯಾಲಯವನ್ನೇರಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ. ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಅವರ ಪೀಠ ಭಿನ್ನ ತೀರ್ಪು ನೀಡಿತು. ಈ ತಳಿಯನ್ನು ಹಳೆಯ ವರುಣಾದೊಡನೆ ಮಾತ್ರವಲ್ಲ, ಇಂದಿನ ಉತ್ತಮ ತಳಿಗಳೊಡನೆ ಹೋಲಿಸಬೇಕು ಎಂಬುದು ಟೀಕಾಕಾರರ ವಾದಗಳಲ್ಲೊಂದು. ಯಾವುದಕ್ಕೆ ಹೋಲಿಸಿ ‘ಚೆನ್ನಾಗಿದೆ’ ಎನ್ನುತ್ತೇವೆ ಎಂಬ ನಮ್ಮ ಮೊದಲ ಪ್ರಶ್ನೆಯೇ ಅಲ್ಲಿಯೂ ಎದುರಾಗಿದೆ.

ನಮಗೇಕೆ ಈ ಲೆಕ್ಕ?

ಭಾರತವು ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಹೊರದೇಶಗಳಿಂದ ತರಿಸಿಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆಮದಿನ ಪ್ರಮಾಣ ವರ್ಷಕ್ಕೆ 150ರಿಂದ 160 ಲಕ್ಷ ಟನ್‌ಗಳ ಸುಮಾರಿನಲ್ಲಿದೆ. ಹೆಕ್ಟೇರಿಗೆ ಒಂದು ಕ್ವಿಂಟಲ್ ಸಾಸಿವೆ ಹೆಚ್ಚಿದರೂ ಅದು ರೈತನ ಮನೆಯಿಂದ ದೇಶದ ಬೊಕ್ಕಸದವರೆಗೆ ಮುಟ್ಟುವ ವಿಷಯ. ಆ ಒಂದು ಕ್ವಿಂಟಲ್ ಘೋಷಣೆಯಿಂದ ಬರುವುದಿಲ್ಲ. ಬಿಸಿಲಿನಲ್ಲಿ ಬಗ್ಗಿ ಕುಳಿತು ಒಂದೊಂದು ಗಿಡದ ಕಾಯಿಗಳನ್ನು ಎಣಿಸುವ ತಾಳ್ಮೆಯಿಂದ ಬರುತ್ತದೆ.

ಆ ಅಣ್ಣನ ಕಥೆಯನ್ನು ಪೂರ್ತಿ ಮಾಡಬೇಕು. ಮರುವರ್ಷ ಆತನು ತಮ್ಮನ ತಳಿಯ ಬೀಜವನ್ನೇ ತಂದು, ಅಕ್ಟೋಬರಿನಲ್ಲಿಯೇ ಬಿತ್ತಿ, ಹೆಚ್ಚಾದ ಸಸಿಗಳನ್ನು ಕಿತ್ತು ಸಾಲನ್ನು ವಿರಳಗೊಳಿಸಿದನು. ಜನವರಿಯಲ್ಲಿ ನಾವು ಹೋದಾಗ ಬದುವಿನ ಮೇಲೆ ನಿಲ್ಲಲಿಲ್ಲ. ಬೂಟು ಕಳಚಿ ಒಳಗೆ ನಡೆದು ಹೊಲದ ನಡುವೆ ಹತ್ತು ಗಿಡಗಳ ಕಾಯಿಗಳನ್ನು ಎಣಿಸಿದೆವು. ಇಬ್ಬರು ಸಹೋದರರೂ ಪಕ್ಕದಲ್ಲಿ ನಿಂತು ನೋಡಿದರು, ನಗಲಿಲ್ಲ. ವರದಿಯಲ್ಲಿ ‘ಅತ್ಯುತ್ತಮ’ ಎಂದು ಬರೆಯದೆ, ಗಿಡಕ್ಕೆ ಇಷ್ಟು ಕಾಯಿ, ಕಾಯಿಗೆ ಇಷ್ಟು ಕಾಳು ಎಂದಷ್ಟೇ ಬರೆದೆವು. ಆ ವರ್ಷ ಅಣ್ಣನ ಕಂತು ಅವಧಿಗೆ ಮೊದಲೇ ಬಂದಿತು. ಮಾರಿದ ಎಮ್ಮೆ ಮಾತ್ರ ಹಿಂದಿರುಗಿ ಬರಲಿಲ್ಲ.

ಮುಂದಿನ ಸಲ ಊರಿನಿಂದ ಬರುವಾಗ ಮಥುರೆಯ ಬಳಿ ಹಳದಿ ಹೊಲಗಳು ಕಂಡರೆ, ಓದುಗರು ಮಕ್ಕಳಿಗೆ ಹೂವಿನ ಚೆಲುವನ್ನು ಅಗತ್ಯವಾಗಿ ತೋರಿಸಲಿ. ಜೊತೆಗೆ, ಇಳುವರಿ ಇರುವುದು ಇನ್ನೂ ಕಣ್ಣಿಗೆ ಕಾಣದ ಕಾಯಿಯೊಳಗೆ ಎಂಬ ಮಾತನ್ನೂ ಹೇಳಲಿ. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವಾಗ ಚಟಪಟನೆ ಸಿಡಿಯುವ ಆ ಚಿಟಿಕೆ ಕಾಳಿನ ಹಿಂದೆ ಎಷ್ಟು ಜನರ ಎಣಿಕೆಯಿದೆ ಎಂಬುದು ಆಗ ನೆನಪಾದರೆ ಈ ಲೇಖನದ ಶ್ರಮ ಸಾರ್ಥಕ.